ತಟ್ಟೆಯೊಳಗಿನ ಸ್ನಾಯು, ಕೌಂಟರಿನ ಮೇಲಿನ ಡಬ್ಬಿ: ಜಿಮ್ ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಜಿಮ್ ತರಬೇತುದಾರರೇ, ಗರಡಿಮನೆಯ ವಸ್ತಾದರೇ,

ಆರೋಗ್ಯದ ಬಗ್ಗೆ ಬಹಿರಂಗ ಪತ್ರ ಬರೆಯುವವರು ಸಾಮಾನ್ಯವಾಗಿ ಮಂತ್ರಿಗಳಿಗೋ ವೈದ್ಯರಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಕಾಯಿಲೆ ಮೈಮೇಲೆ ಬಂದು ಕೂರುವ ತನಕ ನಮ್ಮ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಆದರೆ ಡಿಗ್ರಿ ಓದುವ ಹುಡುಗನಿಂದ ಹಿಡಿದು, ಮೊನ್ನೆಯಷ್ಟೇ ಶುಗರ್ ಇದೆ ಎಂದು ಗೊತ್ತಾದ ಬ್ಯಾಂಕ್ ಮ್ಯಾನೇಜರ್ ತನಕ ಎಲ್ಲರೂ ನಿಮ್ಮ ಹತ್ತಿರ ಬಂದು ಕೇಳುತ್ತಾರೆ: "ಸರ್, ಇದು ತಗೊಂಡ್ರೆ ಏನಾಗುತ್ತೆ?" ನೀವು ಹೇಳಿದ್ದನ್ನು ಮನೆಗೆ ಹೋಗಿ ಹೆಂಡತಿಗೆ, ತಮ್ಮನಿಗೆ, ಆಫೀಸಿನ ಗೆಳೆಯನಿಗೆ ಹೇಳುತ್ತಾರೆ. ನಮ್ಮ ಊರುಗಳಲ್ಲಿ ಶರೀರವಿಜ್ಞಾನವನ್ನು ಅತಿ ಹೆಚ್ಚು ಜನರಿಗೆ ಪಾಠ ಮಾಡುತ್ತಿರುವವರು ಕಾಲೇಜಿನ ಮೇಷ್ಟ್ರಲ್ಲ, ನೀವು. ಸಂಬಳ ಮಾತ್ರ ಆ ಲೆಕ್ಕದಲ್ಲಿ ಇಲ್ಲ, ಅದು ಬೇರೆ ಮಾತು.

ಕೆಲವು ವರ್ಷಗಳಿಂದ ಒಂದು ಬಗೆಯ ಸುದ್ದಿ ಆಗಾಗ ಮೊಬೈಲಿಗೆ ಬಂದು ಬೀಳುತ್ತಿದೆ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಸ್ನಾಯುವಿಗೆ ವಿಜ್ಞಾನಿಗಳು ವ್ಯಾಯಾಮ ಮಾಡಿಸಿದರಂತೆ, ಅದು ಬಲವಾಯಿತಂತೆ, ಉರಿಯೂತವನ್ನು ತಾನೇ ತಡೆದುಕೊಂಡಿತಂತೆ. ನಾನು ಸಂಜೆ ಹೊತ್ತು ನಿಮ್ಮಂಥವರ ಕೈಕೆಳಗೆ ತೂಕ ಎತ್ತುವವನು. ಜಿಮ್‌ನಲ್ಲಿ ಈ ಸುದ್ದಿಗೆ ಎರಡೇ ಬಗೆಯ ಪ್ರತಿಕ್ರಿಯೆ ಕಂಡಿದ್ದೇನೆ. ಒಂದು, ನಗು. ಇನ್ನೊಂದು, ಸ್ವಲ್ಪ ದಿನದಲ್ಲೇ ಕೌಂಟರಿನ ಮೇಲೆ ಪ್ರತ್ಯಕ್ಷವಾಗುವ ಹೊಸ ಡಬ್ಬಿ, ಅದರ ಮೇಲೆ "ವೈಜ್ಞಾನಿಕವಾಗಿ ಸಾಬೀತಾಗಿದೆ" ಎಂಬ ಸ್ಟಿಕ್ಕರು. ನನ್ನ ತಕರಾರು ಎರಡರ ಮೇಲೂ ಇದೆ. ತಟ್ಟೆಯ ಸ್ನಾಯು ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳಬಲ್ಲದು: ಹೃದಯ, ಮೆದುಳು, ಹಾರ್ಮೋನು, ಊಟ, ನಿದ್ದೆ ಎಲ್ಲವನ್ನೂ ಪಕ್ಕಕ್ಕಿಟ್ಟರೆ, ಸ್ನಾಯು ತಾನೊಂದೇ ಏನು ಮಾಡುತ್ತದೆ? ಅದು ಚಿಕ್ಕ ಪ್ರಶ್ನೆಯಲ್ಲ. ಆದರೆ ಆ ಉತ್ತರವನ್ನು ತಂದು ಬೇರೆ ಪ್ರಶ್ನೆಗಳಿಗೆ ಅಂಟಿಸಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಈ ಪ್ರಶ್ನೆ ಹಳೆಯದು. ಸ್ಟಾಕ್‌ಹೋಮ್‌ನ ಯೋನಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ 1966ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೀವು ನಿಮ್ಮ ಶಿಷ್ಯರಿಗೆ ಹೇಳಲೇಬೇಕು. ಪ್ರಯೋಗಕ್ಕೆ ಒಳಗಾದವರು ಇಬ್ಬರು, ಆ ಇಬ್ಬರೂ ಅವರೇ. ವ್ಯಾಯಾಮದ ಸೈಕಲ್ ಒಂದೇ. ಆಚೆಗೊಬ್ಬರು, ಈಚೆಗೊಬ್ಬರು ಇದ್ದು, ಒಬ್ಬೊಬ್ಬರೂ ಒಂದೊಂದು ಕಾಲಿನಿಂದ ಸುಸ್ತಾಗಿ ಕಾಲು ಮೇಲೇಳದಷ್ಟು ತುಳಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಆಮೇಲೆ ಮೂರು ದಿನ ಪಿಷ್ಟ ತುಂಬಿದ ಊಟ. ಎರಡೂ ತೊಡೆಗಳಿಂದ ಸೂಜಿಯಲ್ಲಿ ಚೂರು ಮಾಂಸ ತೆಗೆದು ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟ ಸಕ್ಕರೆಯನ್ನು, ಅಳೆದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್, ಕುಳಿತ ಕಾಲಿನ ಸುಮಾರು ಎರಡರಷ್ಟು ತುಂಬಿಕೊಂಡಿತ್ತು.

ಯೋಚಿಸಿ ನೋಡಿ. ಎರಡೂ ಕಾಲಿಗೆ ಹರಿದದ್ದು ಅದೇ ರಕ್ತ, ಅದೇ ಇನ್ಸುಲಿನ್, ಅದೇ ಊಟ. ವ್ಯತ್ಯಾಸವೆಲ್ಲ ಸ್ನಾಯುವಿನ ಒಳಗೇ ಇತ್ತು. ದುಡಿದದ್ದನ್ನು ಸ್ನಾಯು ತಾನೇ ನೆನಪಿಟ್ಟುಕೊಂಡಿತ್ತು. ಮ್ಯಾರಥಾನ್ ಓಡುವವರು ಓಟಕ್ಕೆ ಮುಂಚಿನ ದಿನಗಳಲ್ಲಿ ಅನ್ನ, ಪಾಸ್ತಾ, ಆಲೂಗಡ್ಡೆ ಹೊಡೆಯುವ ಪದ್ಧತಿಗೆ ಬೇರು ಈ ಎರಡು ಜೊತೆ ಸ್ವೀಡಿಷ್ ಕಾಲುಗಳಲ್ಲಿದೆ. ಪ್ರಯೋಗದ ಜಾಣತನ ಇರುವುದು ಒಂದು ಕಾಲನ್ನು ಬಿಟ್ಟು ಇನ್ನೊಂದನ್ನು ಮಾತ್ರ ದುಡಿಸಿದ್ದರಲ್ಲಿ. ತಟ್ಟೆಯ ಸ್ನಾಯು ಇದೇ ಜಾಣತನದ ಮುಂದಿನ ಹೆಜ್ಜೆ: ಕಾಲನ್ನೂ ಬಿಟ್ಟು, ಸ್ನಾಯುವನ್ನಷ್ಟೇ ದುಡಿಸುವುದು.

ಅದನ್ನು ಮಾಡುವ ಬಗೆ ಹೀಗೆ. ತೊಡೆಯ ಹೊರಭಾಗದ ಸ್ನಾಯು ನಿಮಗೆ ಗೊತ್ತಿರುವುದೇ, ಲೆಗ್ ಡೇ ಮುಗಿದ ಮರುದಿನ ಮೆಟ್ಟಿಲಿಳಿಯುವಾಗ ಬೊಬ್ಬೆ ಹೊಡೆಯುವುದು. ಅಲ್ಲಿ ಚರ್ಮ ಮರಗಟ್ಟಿಸಿ, ಬರ್ಗ್‌ಸ್ಟ್ರೋಮ್ ಹೆಸರಿನ ಟೊಳ್ಳು ಸೂಜಿ ಇಳಿಸಿ ಚೂರು ಮಾಂಸ ತೆಗೆಯುತ್ತಾರೆ. ಪ್ರತಿ ಸ್ನಾಯುವಿನ ಎಳೆಯ ಅಂಚಿಗೂ ಕೆಲವು ಕೋಶಗಳು ಅಂಟಿಕೊಂಡು ನಿದ್ದೆ ಮಾಡುತ್ತಿರುತ್ತವೆ. ಅಲೆಕ್ಸಾಂಡರ್ ಮೌರೊ 1961ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಸ್ನಾಯು ನೋಡುತ್ತಿದ್ದಾಗ ಕಂಡು ಅವಕ್ಕೆ ಸ್ಯಾಟಲೈಟ್ ಕೋಶ ಎಂದು ಹೆಸರಿಟ್ಟರು. ಎಳೆಗೆ ಪೆಟ್ಟಾದಾಗ ಎದ್ದು ಬಂದು ರಿಪೇರಿಗೆ ನಿಲ್ಲುವವರು ಇವರೇ. ಲ್ಯಾಬಿನವರು ಈ ಕೋಶಗಳನ್ನು ಬಿಡಿಸಿಕೊಂಡು, ತಟ್ಟೆಯಲ್ಲಿ ಸಾಕಿ, ಸಾವಿರ ಪಟ್ಟಿಗೂ ಹೆಚ್ಚಿಸಿ, ಅಂಟಂಟು ಜೆಲ್‌ನಲ್ಲಿ ಕಲಸಿ ಅಚ್ಚಿಗೆ ಹೊಯ್ಯುತ್ತಾರೆ. ಜೆಲ್ಲಿನ ಎರಡು ತುದಿಯನ್ನೂ ಚೌಕಟ್ಟಿಗೆ ಕಚ್ಚಿಸಿರುತ್ತಾರೆ. ಆ ಎಳೆತ ಸಿಕ್ಕಿದ ಮೇಲೆ ಕೋಶಗಳು ಒಂದಕ್ಕೊಂದು ಬೆಸೆದುಕೊಂಡು, ಒಂದೇ ದಿಕ್ಕಿಗೆ ಸಾಲುಗಟ್ಟಿ, ಪಟ್ಟೆ ಪಟ್ಟೆಯ ಎಳೆಗಳಾಗುತ್ತವೆ. ಕೊನೆಗೆ ಕೈಗೆ ಬರುವುದು ಶಾವಿಗೆಯ ಮೋಟು ತುಂಡಿನಂಥ ಒಂದು ವಸ್ತು. ಅದಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಸೆಳೆದುಕೊಳ್ಳುತ್ತದೆ. ಎಷ್ಟು ಬಲದಿಂದ ಸೆಳೆಯಿತು ಎಂದು ಅಳೆಯಬಹುದು. ತಟ್ಟೆಯ ಭಾಷೆಯಲ್ಲಿ ಒಂದು ಸೆಳೆತ ಒಂದು ರೆಪ್.

ಒಂದು ಅಡ್ಡ ಮಾತು. ಇಲಿಯನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ನಿಂತರೆ ಹಿಂದಿನ ಸರಳಿನಿಂದ ಶಾಕ್ ಕೊಡುವ ಪ್ರಯೋಗಗಳಿಗಿಂತ ಇದು ಮೇಲಲ್ಲವೇ ಎಂದು ಕೇಳಬಹುದು. ಮೇಲು ಹೌದು. ಆದರೆ ಕೋಶಗಳನ್ನು ಸಾಕುವ ದ್ರವದಲ್ಲಿ ಹೆಚ್ಚಾಗಿ ಬಳಸುವುದು ಹುಟ್ಟದ ಕರುವಿನ ರಕ್ತದ ಸೀರಮ್. ಜೆಲ್ಲಿನ ಒಂದು ಭಾಗ ಇಲಿಯ ಗೆಡ್ಡೆಯಿಂದ ಬಂದದ್ದು. ಪ್ರಾಣಿಯೇ ಇಲ್ಲದ ಪ್ರಯೋಗ ಎಂದು ಯಾರಾದರೂ ಹೇಳಿದರೆ ಅರ್ಧ ನಂಬಿ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದ ನೆನಾದ್ ಬುರ್ಸಾಕ್ ತಂಡ, ಕರೆಂಟಿಗೂ ಔಷಧಿಗೂ ಸ್ಪಂದಿಸಿ ಸೆಳೆದುಕೊಳ್ಳುವ ಮನುಷ್ಯ ಸ್ನಾಯುವನ್ನು ಹೀಗೆ ಬೆಳೆಸಿದ್ದಾಗಿ 2015ರಲ್ಲಿ ಪ್ರಕಟಿಸಿತು. ಆಗ ಅವರು ಪರೀಕ್ಷೆಗೆ ಆರಿಸಿಕೊಂಡ ಔಷಧಿಗಳಲ್ಲಿ ಒಂದರ ಹೆಸರು ಕೇಳಿದರೆ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾದೀತು: ಕ್ಲೆನ್‌ಬ್ಯುಟೆರಾಲ್. ಹೌದು, ಲಾಕರ್ ರೂಮಿನಲ್ಲಿ ಪಿಸುಗುಟ್ಟುವ ಅದೇ "ಕ್ಲೆನ್". ತಟ್ಟೆಯ ಸ್ನಾಯು ಅದಕ್ಕೆ ಏನಂದಿತು? ಬಲ ಹೆಚ್ಚಿತು, ಆದರೆ ಬಹಳ ಇಕ್ಕಟ್ಟಾದ ಒಂದು ಪ್ರಮಾಣದೊಳಗೆ ಮಾತ್ರ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್‌ಗಳನ್ನೂ ಹಾಕಿ ನೋಡಿದರು. ಪ್ರಮಾಣ ಏರಿದಂತೆ ಸ್ನಾಯುವಿಗೆ ಪೆಟ್ಟೂ ಏರಿತು. ರೋಗಿಗಳಲ್ಲಿ ವೈದ್ಯರು ಕಂಡದ್ದಕ್ಕೂ ತಟ್ಟೆಯಲ್ಲಿ ಕಂಡದ್ದಕ್ಕೂ ತಾಳೆಯಾಯಿತು. ತಟ್ಟೆಯನ್ನು ನೋಡಿ ನಗುವವರಿಗೆ ನನ್ನ ಉತ್ತರ ಇದು.

ಆದರೆ ಇನ್ನೊಂದನ್ನೂ ಗಮನಿಸಿ. ಆ ತಟ್ಟೆಯಲ್ಲಿ ಹೃದಯ ಇರಲಿಲ್ಲ. ಕ್ಲೆನ್‌ಬ್ಯುಟೆರಾಲ್ ನುಂಗಿದವನಿಗೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ. ಇದ್ಯಾವುದೂ ಶಾವಿಗೆ ಎಳೆಗೆ ಗೊತ್ತಾಗುವುದಿಲ್ಲ. ಸ್ನಾಯುವಿಗೆ ಲಾಭ ಎಂದು ತಟ್ಟೆ ಹೇಳಿದರೆ, ಮನುಷ್ಯನಿಗೆ ಲಾಭ ಎಂದು ಅದು ಹೇಳಿದಂತಾಗಲಿಲ್ಲ.

ವ್ಯಾಯಾಮದ ವಿಷಯಕ್ಕೆ ಬರೋಣ. ಅದೇ ತಂಡ 2021ರಲ್ಲಿ ಮಾಡಿದ ಪ್ರಯೋಗ ನನಗೆ ತುಂಬ ಹಿಡಿಸಿದ್ದು. ವರ್ಷಗಟ್ಟಲೆ ಉರಿಯೂತ ಇರುವವರ ಮೈಯಲ್ಲಿ, ಸಂಧಿವಾತದವರಲ್ಲಿ, ವಯಸ್ಸಾದವರಲ್ಲಿ ಸ್ನಾಯು ಕರಗುತ್ತದೆ. ವ್ಯಾಯಾಮ ಮಾಡುವವರಲ್ಲಿ ಉರಿಯೂತ ಕಡಿಮೆ ಎಂದು ನಮಗೆಲ್ಲ ಗೊತ್ತು. ಹೇಗೆ ಕಡಿಮೆ ಎನ್ನುವುದರಲ್ಲಿ ಗೊಂದಲ. ಕೊಬ್ಬು ಇಳಿದದ್ದರಿಂದಲೋ? ರಕ್ತಸಂಚಾರ ಸುಧಾರಿಸಿದ್ದರಿಂದಲೋ? ಬಿಳಿರಕ್ತಕಣಗಳ ನಡವಳಿಕೆ ಬದಲಾದದ್ದರಿಂದಲೋ? ಅಥವಾ ಸ್ನಾಯುವೇ ಏನಾದರೂ ಮಾಡುತ್ತದೆಯೋ? ಬದುಕಿರುವ ಮನುಷ್ಯನಲ್ಲಿ ಇವನ್ನು ಬೇರ್ಪಡಿಸುವುದು ಬಹಳ ಕಷ್ಟ. ಬುರ್ಸಾಕ್ ತಂಡ ತಟ್ಟೆಯ ಸ್ನಾಯುವಿಗೆ ಇಂಟರ್‌ಫೆರಾನ್ ಗಾಮಾ ಎಂಬ ಉರಿಯೂತದ ಅಣುವನ್ನು ಏಳು ದಿನ ಧಾರಾಳವಾಗಿ ಉಣಿಸಿತು. ಎಳೆಗಳು ಬಡಕಲಾದವು, ಬಲ ಕುಸಿಯಿತು. ಇನ್ನೊಂದು ಸಾಲಿನ ತಟ್ಟೆಗಳಿಗೂ ಅದೇ ವಿಷ, ಜೊತೆಗೆ ಕರೆಂಟಿನ ಕಸರತ್ತು. ಅವು ಹೆಚ್ಚು ಕಡಿಮೆ ಏನೂ ಆಗದಂತೆ ಉಳಿದವು.

ಅಲ್ಲಿ ರಕ್ತ ಇರಲಿಲ್ಲ, ಬಿಳಿರಕ್ತಕಣ ಇರಲಿಲ್ಲ, ಕರಗಿಸಲು ಹೊಟ್ಟೆಯ ಬೊಜ್ಜು ಇರಲಿಲ್ಲ. ಸ್ನಾಯು ದುಡಿಯುತ್ತಾ ತನ್ನನ್ನು ತಾನೇ ಕಾಪಾಡಿಕೊಂಡಿತು. ಸಂಧಿವಾತದ ಅಜ್ಜಿಯೊಬ್ಬರು ನಿಮ್ಮ ಜಿಮ್‌ಗೆ ಬಂದು, "ನನಗೆ ಈ ವಯಸ್ಸಲ್ಲಿ ಇದೆಲ್ಲ ಯಾಕಪ್ಪಾ, ತೂಕ ಇಳಿದರೆ ಸಾಕು" ಎಂದರೆ ನೀವು ಹೇಳಬೇಕಾದ ಮಾತು ಇಲ್ಲಿದೆ. ತಕ್ಕಡಿಯ ಮುಳ್ಳು ಒಂದು ಗೆರೆಯೂ ಅಲ್ಲಾಡದೆ ಇದ್ದರೂ, ದುಡಿದ ಸ್ನಾಯು ಒಳಗೆ ಒಂದು ಕೆಲಸ ಮಾಡಿಕೊಳ್ಳುತ್ತಿರಬಹುದು.

ಈ ಪ್ರಯೋಗಕ್ಕೆ ಎರಡನೆಯ ಅರ್ಧವೂ ಇದೆ. ಅದೇ ಉರಿಯೂತದ ದಾರಿಯನ್ನು ಅಡ್ಡಗಟ್ಟುವ ಟೋಫಾಸಿಟಿನಿಬ್, ಬಾರಿಸಿಟಿನಿಬ್ ಎಂಬ ಎರಡು ಸಂಧಿವಾತದ ಮಾತ್ರೆಗಳು ಆಗಲೇ ಮಾರುಕಟ್ಟೆಯಲ್ಲಿದ್ದವು. ಅವನ್ನು ಹಾಕಿದಾಗಲೂ ಸ್ನಾಯು ಉಳಿಯಿತು. ತಲೆಬರಹ ಬರೆಯುವವರ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತೇ ಇದೆ: "ವ್ಯಾಯಾಮದ ಬದಲು ಮಾತ್ರೆ!" ಆ ಪ್ರಬಂಧದಲ್ಲಿ ಇದ್ದದ್ದು ಹಾಗಲ್ಲ. ಉರಿಯೂತದ ಒಂದು ದಾರಿಯನ್ನು ಮಾತ್ರೆಯೂ ಮುಚ್ಚಿತು, ಕಸರತ್ತೂ ಮುಚ್ಚಿತು, ಅಷ್ಟೇ. ಈ ಮಾತ್ರೆಗಳು ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವಂಥವು, ವೈದ್ಯರ ಕಣ್ಗಾವಲಿಲ್ಲದೆ ಮುಟ್ಟುವಂಥವಲ್ಲ. ನಿಮ್ಮ ಯಾವ ಸದಸ್ಯನೂ ಬೈಸೆಪ್ಸ್‌ಗಾಗಿ ಇವನ್ನು ಹುಡುಕಿಕೊಂಡು ಹೋಗದಿರಲಿ.

ಹೋಗುವುದಿಲ್ಲ ಎನ್ನುತ್ತೀರಾ? ಹೋದ ಚರಿತ್ರೆ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ತಂಡ ಎರಡು ರಾಸಾಯನಿಕಗಳ ಬಗ್ಗೆ ಬರೆಯಿತು. ಐಕಾರ್ ಎಂಬುದನ್ನು ನಾಲ್ಕು ವಾರ ಕೊಟ್ಟಾಗ, ಓಡದೇ ಕೂತಿದ್ದ ಇಲಿಗಳ ಓಟದ ತಾಳಿಕೆ ಶೇಕಡಾ 44ರಷ್ಟು ಹೆಚ್ಚಿತು. ಇನ್ನೊಂದು ಜಿಡಬ್ಲ್ಯು501516, ಅದು ಓಡುವ ಇಲಿಗಳ ತಾಳಿಕೆಯನ್ನು ಇನ್ನಷ್ಟು ಏರಿಸಿತು. "ಮಾತ್ರೆಯಲ್ಲಿ ವ್ಯಾಯಾಮ" ಎಂಬ ಮಾತು ಜಗತ್ತಿಡೀ ಸುತ್ತಿತು. ಎರಡನೆಯದನ್ನು ಔಷಧಿಯಾಗಿ ಬೆಳೆಸುತ್ತಿದ್ದ ಕಂಪನಿ, ದೀರ್ಘಕಾಲ ಕೊಟ್ಟ ಪ್ರಾಣಿಗಳ ಹಲವು ಅಂಗಗಳಲ್ಲಿ ಕ್ಯಾನ್ಸರ್ ಕಂಡು, ಅದನ್ನು ಕೈಬಿಟ್ಟಿತ್ತು. ಆದರೂ ಅದು "ಕಾರ್ಡರಿನ್" ಎಂಬ ಹೆಸರಿನಲ್ಲಿ ಕಳ್ಳಸಂತೆಯಲ್ಲಿ ಹರಿದಾಡಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಸಾಮಾನ್ಯವಾಗಿ ಕ್ರೀಡಾಪಟುಗಳನ್ನು ಹಿಡಿಯುವುದರ ಬಗ್ಗೆ ಮಾತಾಡುತ್ತದೆ. 2013ರಲ್ಲಿ ಅದು ದಾರಿ ಬದಲಿಸಿ, ಇದನ್ನು ತಿಂದರೆ ನಿಮ್ಮ ಆರೋಗ್ಯಕ್ಕೇ ಅಪಾಯ ಎಂದು ಮೋಸ ಮಾಡಲು ಹೊರಟವರಿಗೇ ಎಚ್ಚರಿಕೆ ಕೊಡಬೇಕಾಯಿತು! ಈ ಹೆಸರನ್ನು ನಿಮ್ಮ ಜಿಮ್‌ನಲ್ಲಿ ಯಾರಾದರೂ ಉಚ್ಚರಿಸಿದರೆ, ಎಲ್ಲಿಂದ ಬಂತು ಎಂದು ಕೇಳುವುದಕ್ಕೂ ಮೊದಲು ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿಸಿ.

ತಟ್ಟೆಗೆ ಏನೇನು ಇಲ್ಲ ಎನ್ನುವುದನ್ನು ನೀವು ನನಗಿಂತ ಬೇಗ ಹಿಡಿಯುತ್ತೀರಿ, ಏಕೆಂದರೆ ದಿನವಿಡೀ ನೀವು ನೋಡುವುದು ಅವನ್ನೇ. ಹೊಸಬನೊಬ್ಬ ಮೊದಲ ತಿಂಗಳಲ್ಲಿ ಎತ್ತುವ ತೂಕ ಸರಸರ ಏರುತ್ತದೆ, ತೋಳಿನ ಸುತ್ತಳತೆ ಮಾತ್ರ ಅಲ್ಲೇ ಇರುತ್ತದೆ. ಆ ಏರಿಕೆ ಬಹುಪಾಲು ನರಗಳದ್ದು. ಹೆಚ್ಚು ಎಳೆಗಳನ್ನು ಒಟ್ಟಿಗೆ ಎಬ್ಬಿಸಲು ಮೆದುಳು ಕಲಿತಿರುತ್ತದೆ. ತಟ್ಟೆಯಲ್ಲಿ ನರವೇ ಇಲ್ಲ, ಕರೆಂಟು ಎಲ್ಲ ಎಳೆಗಳನ್ನೂ ಒಂದೇ ಏಟಿಗೆ ಎಬ್ಬಿಸುತ್ತದೆ. ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ಹೊರುತ್ತದೆ. ನೋವು, ಬೆಳವಣಿಗೆ ಎರಡಕ್ಕೂ ಅದು ದೊಡ್ಡ ಕಾರಣ ಎಂದು ನೀವೇ ನಮಗೆ ಪಾಠ ಹೇಳಿದವರು. ಚೌಕಟ್ಟಿಗೆ ಎರಡೂ ತುದಿ ಕಚ್ಚಿಸಿದ ಎಳೆಗೆ ಅಂಥ ಇಳಿತ ಇಲ್ಲ, ಅದು ಇದ್ದಲ್ಲೇ ಬಿಗಿಯುತ್ತದೆ. ರಕ್ತನಾಳಗಳಿಲ್ಲದ ಕಾರಣ ಎಳೆ ದಪ್ಪವಾದರೆ ನಡುವಿನ ಕೋಶಗಳಿಗೆ ಆಮ್ಲಜನಕ ಮುಟ್ಟದು, ಹಾಗಾಗಿ ಅದನ್ನು ತೆಳ್ಳಗೇ ಇಡಬೇಕು. ಬಲದಲ್ಲಿ ಅದು ದೊಡ್ಡವರ ಸ್ನಾಯುವಿನ ಹತ್ತಿರಕ್ಕೂ ಬಾರದು, ನಡವಳಿಕೆಯಲ್ಲಿ ಇನ್ನೂ ಹುಟ್ಟದ ಕೂಸಿನ ಸ್ನಾಯುವಿಗೆ ಹತ್ತಿರ. ಮತ್ತೆ ಬೇಸರ, ಹಟ, ಪಕ್ಕದವನ ಮುಂದೆ ಸೋಲಬಾರದೆಂಬ ಛಲ? ಗರಡಿಯ ಮಟ್ಟಿಯಲ್ಲಿ ಜೋಡಿ ಹಿಡಿದವರಿಗೆ ಅದರ ತೂಕ ಗೊತ್ತು. ಆದರೂ ಒಂದು ವಿಷಯದಲ್ಲಿ ತಟ್ಟೆ ನಿಮ್ಮ ಪರವಾಗಿಯೇ ಸಾಕ್ಷಿ ಹೇಳಿದೆ. ಬಿಟ್ಟು ಬಿಟ್ಟು, ನಡುವೆ ವಿರಾಮ ಕೊಟ್ಟು ಕರೆಂಟ್ ಹಾಯಿಸಿದಾಗ ಎಳೆಗಳು ದಪ್ಪಗಾದವು, ಬಲ ಹೆಚ್ಚಿತು ಎಂದು ಡ್ಯೂಕ್ ತಂಡವೇ 2019ರಲ್ಲಿ ತೋರಿಸಿತು. ವಾರಕ್ಕೆ ಏಳೂ ದಿನ ಚೆಸ್ಟ್ ಹೊಡೆಯುವ ಹುಡುಗರಿಗೆ ಇದನ್ನು ಹೇಳಿ ನೋಡಿ. ನನ್ನ ಮಾತಂತೂ ಅವರು ಕೇಳುವುದಿಲ್ಲ.

ಕೊಲ್ಲಾಜನ್ ಪುಡಿಯ ಕಥೆಗೆ ಬರುತ್ತೇನೆ. ಈಗ ಎಲ್ಲ ಕಡೆ ಅದೇ. ಇದರ ಹಿಂದೆ ನಿಜವಾದ, ಒಳ್ಳೆಯ ಪ್ರಯೋಗವೊಂದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಕೀತ್ ಬಾರ್ ಮತ್ತು ಅವರ ಜೊತೆಗಾರರು 2017ರಲ್ಲಿ ಪ್ರಕಟಿಸಿದ್ದು. ಸಿ ಜೀವಸತ್ವ ಬೆರೆಸಿದ 15 ಗ್ರಾಂ ಜೆಲಾಟಿನ್ (ಕೊಲ್ಲಾಜನ್ನಿನದೇ ಇನ್ನೊಂದು ರೂಪ) ಕುಡಿಸಿ, ಒಂದು ಗಂಟೆ ಬಿಟ್ಟು ಆರು ನಿಮಿಷ ಹಗ್ಗದಾಟ ಆಡಿಸಿದರು. ರಕ್ತದಲ್ಲಿ ಕೊಲ್ಲಾಜನ್ ತಯಾರಿಯ ಗುರುತು ಎರಡರಷ್ಟಾಯಿತು. ಆಮೇಲಿನ ಹೆಜ್ಜೆ ಇನ್ನೂ ಸೊಗಸು. ಜೆಲಾಟಿನ್ ಕುಡಿದವರ ರಕ್ತದ ಸೀರಮ್ಮನ್ನು ತಟ್ಟೆಯಲ್ಲಿ ಬೆಳೆಸಿದ ಅಸ್ಥಿರಜ್ಜುಗಳಿಗೆ ಉಣಿಸಿದರು, ಅವು ಗಟ್ಟಿಯಾದವು. ಅಂದರೆ ಮನುಷ್ಯನ ಮೈಯೊಳಗೆ ಹಾದುಬಂದ ಊಟವನ್ನು ತಟ್ಟೆಗೆ ಬಡಿಸಿದ ಹಾಗೆ. ಮೈ ಮತ್ತು ತಟ್ಟೆಯ ನಡುವಿನ ಹಳ್ಳಕ್ಕೆ ಒಂದು ಕಾಲುಸಂಕ ಸಿಕ್ಕಿತು.

ಈಗ ಜಾಹೀರಾತಿನಲ್ಲಿ ಇರದ ಸಂಗತಿ: ಆ ಪ್ರಯೋಗದಲ್ಲಿ ಪಾಲ್ಗೊಂಡವರು ಎಂಟು ಜನ. ಎಂಟೂ ಆರೋಗ್ಯವಂತ ಗಂಡಸರು. ಮಂಡಿ ನೋವಿನ ಹೆಂಗಸರಿಲ್ಲ, ಅರವತ್ತು ದಾಟಿದವರಿಲ್ಲ, ಸಕ್ಕರೆ ಕಾಯಿಲೆಯವರಿಲ್ಲ. ಅಳೆದದ್ದು ರಕ್ತದ ಗುರುತನ್ನು, ವಾಸಿಯಾದ ಮಂಡಿಯನ್ನಲ್ಲ. ಪ್ರಯೋಗ ಮಾಡಿದವರು ಇದನ್ನೆಲ್ಲ ಮುಚ್ಚಿಟ್ಟಿಲ್ಲ, ಪ್ರಬಂಧದಲ್ಲೇ ಇದೆ. ಮುಚ್ಚಿದ್ದು ಡಬ್ಬಿಯ ಮುಚ್ಚಳ. ನಾನು ಕೊಲ್ಲಾಜನ್ ಮಾರಬೇಡಿ ಎನ್ನುತ್ತಿಲ್ಲ. "ಸರ್, ಇದು ಕೆಲಸ ಮಾಡುತ್ತಾ?" ಎಂದು ಕೇಳಿದವನಿಗೆ "ಎಂಟು ಜನರ ಮೇಲೆ ನೋಡಿದ್ದಾರೆ, ಆಶಾದಾಯಕವಾಗಿದೆ, ಆದರೆ ಹಗ್ಗದಾಟ ಬಿಟ್ಟು ಪುಡಿ ಮಾತ್ರ ತಿಂದವರ ಮೇಲಲ್ಲ" ಎಂದು ಹೇಳಿ ಆಮೇಲೆ ಮಾರಿ. ಜೊತೆಗೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ವಸ್ತು ಎಂದೂ ಹೇಳಿಬಿಡಿ. ಶುದ್ಧ ಸಸ್ಯಾಹಾರಿ ಸದಸ್ಯರಿಗೆ ಆಮೇಲೆ ಗೊತ್ತಾಗುವುದು ಬೇಡ.

ತಟ್ಟೆಯಲ್ಲಿರುವುದು ಯಾರ ಸ್ನಾಯು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಕೋಶಗಳು ಒಡೆಯನ ಗುಣವನ್ನು ಮೈಯಲ್ಲೇ ಬಿಟ್ಟು ಬರುವುದಿಲ್ಲ. ಸಕ್ಕರೆ ಕಾಯಿಲೆಯವರ ತೊಡೆಯಿಂದ ತೆಗೆದ ಕೋಶಗಳು ತಟ್ಟೆಯಲ್ಲಿ ವಾರಗಟ್ಟಲೆ ಬೆಳೆದ ಮೇಲೂ ಇನ್ಸುಲಿನ್‌ಗೆ ಮಂದವಾಗಿಯೇ ಸ್ಪಂದಿಸುತ್ತವೆ. 2018ರಲ್ಲಿ ಬ್ರಿಟನ್ನಿನ ಆಡಮ್ ಶಾರ್ಪಲ್ಸ್ ತಂಡ ಇನ್ನೊಂದು ಬಗೆಯ ನೆನಪನ್ನು ತೋರಿಸಿತು: ವ್ಯಾಯಾಮ ಮಾಡಿ, ಬಿಟ್ಟು, ಮತ್ತೆ ಶುರು ಮಾಡಿದವರ ಸ್ನಾಯುವಿನ ಡಿಎನ್‌ಎ ಮೇಲೆ ಮೊದಲ ಸುತ್ತಿನ ಗುರುತುಗಳು ಉಳಿದಿದ್ದವು. ನೀವು "ಮಸಲ್ ಮೆಮೊರಿ" ಎನ್ನುತ್ತಿದ್ದುದಕ್ಕೆ ಒಂದು ವಿಳಾಸ ಸಿಕ್ಕಿತು. ಹೀಗಿರುವಾಗ ಅಮೆರಿಕದವರ, ಸ್ವೀಡನ್ನಿನವರ ತೊಡೆಯಿಂದ ಬಂದ ಕೋಶ ಹೇಳಿದ್ದನ್ನು ದಾವಣಗೆರೆಯ ತೊಡೆಗೆ ಹಾಗೆಯೇ ಒಪ್ಪಿಸಲಾದೀತೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಊಟದ ಸಕ್ಕರೆಯ ದೊಡ್ಡ ಪಾಲನ್ನು ರಕ್ತದಿಂದ ಎಳೆದುಕೊಳ್ಳಬೇಕಾದ್ದು ಸ್ನಾಯು. ನಮ್ಮವರಲ್ಲಿ ತೆಳ್ಳಗೆ ಕಾಣುವವರ ಮೈಯಲ್ಲೂ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂದು ಪುಣೆಯ ಚಿತ್ತರಂಜನ್ ಯಾಜ್ಞಿಕ್ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ವ್ಯಾಯಾಮ ಕಲಿಯಬೇಕಾದ ತಟ್ಟೆಯೊಂದು ಇದ್ದರೆ ಅದು ನಮ್ಮದಾಗಿರಬೇಕಿತ್ತು.

ನಮ್ಮಲ್ಲಿ ಕೆಲಸವೇ ಇಲ್ಲ ಎಂದಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆ ಆಕರಕೋಶಗಳಿಗಾಗಿಯೇ ಹುಟ್ಟಿದ್ದು. ಅದನ್ನು ಕಟ್ಟುವುದರಲ್ಲಿ ಮುಂದಿದ್ದ ಜ್ಯೋತ್ಸ್ನಾ ಧವನ್ ಅವರು ಸ್ನಾಯುವಿನ ಈ ನಿದ್ದೆಯ ಕೋಶಗಳನ್ನೇ ವರ್ಷಗಟ್ಟಲೆ ಓದಿದವರು. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅಂತರಿಕ್ಷಕ್ಕೆ ಹಾರಿದಾಗ ಅವರ ಜೊತೆ ಹೋದ ಭಾರತದ ಏಳು ಪ್ರಯೋಗಗಳಲ್ಲಿ ಒಂದು ಇನ್‌ಸ್ಟೆಮ್‌ನದು: ತೂಕವಿಲ್ಲದ ಜಾಗದಲ್ಲಿ ಸ್ನಾಯು ಮತ್ತೆ ಬೆಳೆಯುವುದು ಹೇಗೆ ಕೆಡುತ್ತದೆ, ಪೂರಕ ಪೋಷಕಾಂಶಗಳು ಅದಕ್ಕೆ ನೆರವಾಗುತ್ತವೆಯೇ ಎಂದು ನೋಡುವುದು. ಶುಕ್ಲಾ ಅಲ್ಲಿ ಕೈಗವಸಿನ ಪೆಟ್ಟಿಗೆಯೊಳಗೆ ಕೈಹಾಕಿ ಕೆಲಸ ಮಾಡಿದ ಚಿತ್ರವನ್ನು ನೀವೂ ನೋಡಿರಬಹುದು. ಅಂತರಿಕ್ಷ ನಿಲ್ದಾಣದ ವಾಸಿಗಳು ದಿನಕ್ಕೆ ಸುಮಾರು ಎರಡು ಗಂಟೆ ಕಸರತ್ತು ಮಾಡಿದರೂ ಸ್ನಾಯು ಕಳೆದುಕೊಳ್ಳುತ್ತಾರೆ. ನೆಲದ ಮೇಲೆ ವರ್ಷಗಳು ಹಿಡಿಯುವ ಸವಕಳಿ ಅಲ್ಲಿ ವಾರಗಳಲ್ಲಿ ಕಾಣುತ್ತದೆ. ಅದಕ್ಕೇ ಫ್ಲಾರಿಡಾ ವಿಶ್ವವಿದ್ಯಾಲಯದ ಶಿವಾನ್ ಮಲಾನಿ ತಂಡವೂ ಆಟಗಾರ ಯುವಕರ ಮತ್ತು ಕೂತೇ ದಿನ ಕಳೆಯುವ ಹಿರಿಯರ ಸ್ನಾಯುಕೋಶಗಳನ್ನು ಲ್ಯಾಬಿನ ಪುಟ್ಟ ಚಿಪ್ ಮೇಲೆ ಬೆಳೆಸಿ ಮೇಲಕ್ಕೆ ಕಳಿಸಿ, ಅಲ್ಲೇ ಕರೆಂಟ್ ಕೊಟ್ಟು ದುಡಿಸಿತು.

ನಿಮ್ಮಿಂದ ನನಗೆ ಬೇಕಾದದ್ದು ದೊಡ್ಡದೇನಲ್ಲ. ಸುದ್ದಿಯೊಂದನ್ನು ಸದಸ್ಯರ ಗುಂಪಿಗೆ ಕಳಿಸುವ ಮೊದಲು ತಟ್ಟೆಯೋ, ಇಲಿಯೋ, ಮನುಷ್ಯನೋ, ಮನುಷ್ಯನಾದರೆ ಎಷ್ಟು ಜನ ಎಂದು ನೋಡಿ. ಅಷ್ಟು ನೋಡಿದರೆ ಅರ್ಧಕ್ಕರ್ಧ ಪೋಸ್ಟರುಗಳು ತಾವಾಗಿಯೇ ಗೋಡೆಯಿಂದ ಇಳಿಯುತ್ತವೆ. ನಮ್ಮ ಆಸ್ಪತ್ರೆ, ಸಂಶೋಧನಾಲಯಗಳು ಎಂದಾದರೂ ತೊಡೆಯ ಚೂರು ಮಾಂಸ ದಾನಕ್ಕೆ ಆರೋಗ್ಯವಂತರನ್ನು ಕರೆದರೆ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಿ, ಇದ್ದರೆ ನಿಮ್ಮ ಸದಸ್ಯರಿಗೆ ಧೈರ್ಯ ಹೇಳಿ. ಮರಗಟ್ಟಿಸಿ ಮಾಡುವ ಕೆಲಸ ಅದು, ಒಂದೆರಡು ದಿನ ಕಾಲು ಭಾರ ಎನಿಸುತ್ತದೆ. ಲೆಗ್ ಡೇ ಮಾಡಿಸುವವರು ನೀವು, ಇದಕ್ಕೆಲ್ಲ ಹೆದರುವವರಲ್ಲ.

ಇನ್ನೊಂದು ಕೋರಿಕೆ, ತಟ್ಟೆಯಿಂದಲೇ ಬಂದದ್ದು. ಕೀತ್ ಬಾರ್ ತಂಡ 2012ರಲ್ಲಿ ಲ್ಯಾಬಿನ ಅಸ್ಥಿರಜ್ಜುಗಳನ್ನು ಎಳೆದು ನೋಡಿತ್ತು. ಎಳೆತಕ್ಕೆ ಅವುಗಳ ಒಳಗಿನ ಸಂಕೇತ ಹತ್ತು ನಿಮಿಷಕ್ಕೆ ತುದಿ ಮುಟ್ಟಿತು. ಆಮೇಲೆ ಸುಮಾರು ಆರು ಗಂಟೆ ಏನು ಮಾಡಿದರೂ ಕಿವುಡು. ಹತ್ತು ನಿಮಿಷ ಎಳೆದು ಆರು ಗಂಟೆ ಬಿಟ್ಟದ್ದು, ಬಿಡದೇ ಎಳೆದದ್ದಕ್ಕಿಂತ ಹೆಚ್ಚು ಕೊಲ್ಲಾಜನ್ ಕೊಟ್ಟಿತು. ನಿಮ್ಮಲ್ಲಿ ಹಳೆಯ ಮಂಡಿ, ಹಿಮ್ಮಡಿ ನೋವಿನವರು ಎಷ್ಟೋ ಮಂದಿ ಇದ್ದಾರೆ. ಫಿಸಿಯೋಥೆರಪಿಸ್ಟ್ ಒಬ್ಬರನ್ನು ಜೊತೆಗಿಟ್ಟುಕೊಂಡು, ಒಪ್ಪಿದವರಲ್ಲಿ ಕೆಲವರಿಗೆ ಒಂದು ಗಂಟೆಯ ಒಂದೇ ಪಾಠದ ಬದಲು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಹಗುರ ಭಾರ ಹಿಡಿಸಿ ನೋಡಿ. ಯಾರಿಗೆ ಏನಾಯಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ, ನೋವು ಹೆಚ್ಚಾದವರ ಹೆಸರನ್ನೂ ಬಿಡಬೇಡಿ. ತಟ್ಟೆ ಹೇಳಿದ ಆರು ಗಂಟೆ ನಡೆದಾಡುವ ಮಂಡಿಗೂ ಆರೇ ಗಂಟೆಯೋ, ನಾಲ್ಕೋ, ಎಂಟೋ? ಲ್ಯಾಬಿನವರು ಅದನ್ನು ಪತ್ತೆ ಮಾಡಬೇಕೆಂದರೂ ನಿಮ್ಮ ಬಳಿಗೇ ಬರಬೇಕು. ಅವರು ಬರುವಾಗ ಆ ನೋಟ್‌ಪುಸ್ತಕ ನಿಮ್ಮ ಕೌಂಟರಿನ ಮೇಲಿರಲಿ, ಡಬ್ಬಿಗಳನ್ನು ಸ್ವಲ್ಪ ಆಚೆ ಸರಿಸಿ.

ಇತಿ,
ಸಂಜೆ ಆರೂವರೆ ಬ್ಯಾಚಿನ ನಿಮ್ಮೊಬ್ಬ ಸದಸ್ಯ